ಮೂವತ್ತು-ನಲವತ್ತರಲ್ಲಿ ಪಾರ್ಶ್ವವಾಯು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ವರ್ಷಗಳನ್ನು ನಡೆಸುವ ಬಗೆ

ನಮ್ಮ ಕಾಸರಗೋಡಿನ ಕಡೆ ಪಾರ್ಶ್ವವಾಯು ಅಥವಾ ಪಕ್ಷವಾತವೆಂದರೆ (ಇಂಗ್ಲಿಷಿನ ಸ್ಟ್ರೋಕ್) ಪ್ರಾಯ ಸಂದವರ ಕಾಯಿಲೆ ಎಂದೇ ಎಲ್ಲರ ಎಣಿಕೆ. ನನ್ನ ತಮ್ಮನಿಗೆ 36ನೆಯ ವಯಸ್ಸಿನಲ್ಲಿ, ಅಡಿಕೆಗೆ ಮದ್ದು ಬಿಡಲು ಹೊರಟಿದ್ದ ಒಂದು ಬೆಳಿಗ್ಗೆ, ಬಲಗೈ ಸೋತು ಮಾತು ತೊದಲಿದಾಗ ಅಂಗಳದಲ್ಲಿದ್ದ ನಾಲ್ವರಲ್ಲಿ ಯಾರ ಬಾಯಿಗೂ ಆ ಹೆಸರು ಬರಲಿಲ್ಲ. ಪಿತ್ತ ಕೆದರಿರಬೇಕೆಂದು ಒಬ್ಬರು ಲಿಂಬೆ ಶರಬತ್ತು ಮಾಡಿ ತಂದರು. ಹನ್ನೊಂದು ದಿನಗಳ ಬಳಿಕ ಅವನನ್ನು ಮನೆಗೆ ಕರೆತಂದಾಗ ನಮ್ಮ ಕೈಯಲ್ಲಿದ್ದದ್ದು ಮೂರು ಪುಟದ ಡಿಸ್ಚಾರ್ಜ್ ಸಮ್ಮರಿ. ಅವನು ಇನ್ನು ಬದುಕಬೇಕಾದ ಮೂವತ್ತು-ನಲವತ್ತು ವರ್ಷಗಳ ಕುರಿತು ಅದರಲ್ಲಿದ್ದದ್ದು "ಎರಡು ವಾರದ ನಂತರ ಬರುವುದು" ಎಂಬ ಒಂದೇ ಸಾಲು. ಆ ಸಾಲಿನ ಕೆಳಗೆ ಬಿಟ್ಟುಹೋದದ್ದನ್ನು ಬರೆಯುವುದು ಇಲ್ಲಿನ ಉದ್ದೇಶ. ಮದ್ದಿನ ಹೆಸರು ಮತ್ತು ಪ್ರಮಾಣವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಅದನ್ನು ವರ್ಷಾನುಗಟ್ಟಲೆ ತಪ್ಪದೆ ನಡೆಸುವುದು ಮನೆಯವರ ಕೆಲಸ.

ಅಂಕಿಗಳನ್ನು ಓದುವುದು ಹೇಗೆ

ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಅದರಾಚೆಯ ಭಾಗ ಸಾಯುವುದನ್ನು ಇಸ್ಕೀಮಿಕ್ ಸ್ಟ್ರೋಕ್ ಎನ್ನುತ್ತಾರೆ. ನಾಳ ಒಡೆದು ರಕ್ತಸ್ರಾವವಾಗುವುದು ಬೇರೆಯೇ ಬಗೆ. ಐವತ್ತರ ಒಳಗಿನವರಿಗೆ ಇಸ್ಕೀಮಿಕ್ ಸ್ಟ್ರೋಕ್ ಆದ ಮೇಲೆ ಏನಾಗುತ್ತದೆ ಎಂಬುದನ್ನು ದೀರ್ಘಕಾಲ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ನೆದರ್ಲೆಂಡ್ಸ್‌ನ ನೈಮೇಗನ್ ನಗರದ್ದು ಮುಖ್ಯವಾದದ್ದು. 1980ರಿಂದ 2010ರ ನಡುವೆ ಅಲ್ಲಿ ಚಿಕಿತ್ಸೆ ಪಡೆದ 18ರಿಂದ 50 ವರ್ಷದವರನ್ನು ಗಮನಿಸಿದಾಗ, ಮೊದಲ ಮೂವತ್ತು ದಿನಗಳನ್ನು ದಾಟಿದವರಲ್ಲಿಯೂ ಇಪ್ಪತ್ತು ವರ್ಷಗಳೊಳಗೆ ನೂರಕ್ಕೆ ಸುಮಾರು 27 ಮಂದಿ ತೀರಿಕೊಂಡಿದ್ದರು; ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ನಿರೀಕ್ಷಿತ ಸಂಖ್ಯೆ ಎಂಟನ್ನೂ ಮುಟ್ಟುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮತ್ತೊಮ್ಮೆ ಸ್ಟ್ರೋಕ್ ಆಗುವ ಸಂಭವ ನೂರಕ್ಕೆ ಸುಮಾರು 19.

ಈ ಅಂಕಿಗಳನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ನಿಧಾನವಾಗಿ ನೋಡಿದಾಗ ಅವುಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ನೂರರಲ್ಲಿ ಎಂಬತ್ತು ಮಂದಿಗೆ ಎರಡನೆಯ ಸ್ಟ್ರೋಕ್ ಆಗುವುದಿಲ್ಲ. ಆ ಗುಂಪಿನಲ್ಲಿ ಅನೇಕರು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬಳಕೆಗೆ ಬರುವ ಮೊದಲೇ ಚಿಕಿತ್ಸೆ ಪಡೆದವರು. ಎಲ್ಲಕ್ಕಿಂತ ಮುಖ್ಯವಾಗಿ, ಅಪಾಯ ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ: ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಮತ್ತು ಹೃದಯದ ತೊಂದರೆ ಉಳಿದುಕೊಂಡವರಲ್ಲಿ ಅದು ಹೆಚ್ಚು, ಕಾರಣ ತಿಳಿದು ಅದನ್ನು ಸರಿಪಡಿಸಿಕೊಂಡವರಲ್ಲಿ ಕಡಿಮೆ. ಆದುದರಿಂದ "ನನಗೆ ಇನ್ನೊಮ್ಮೆ ಬರುತ್ತದೆಯೇ" ಎಂದು ಕೇಳುವ ಮೊದಲು "ನನಗೆ ಯಾಕೆ ಬಂತು" ಎಂದು ಕೇಳಬೇಕು.

ಕಾರಣದ ಕಡತ

ಮುದುಕರಲ್ಲಿ ಬಹುಪಾಲು ಬಿ.ಪಿ., ಸಕ್ಕರೆ, ನಾಳದ ಕೊಬ್ಬು ಎಂದು ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಯುವಕರಲ್ಲಿ ಇವುಗಳ ಜೊತೆಗೆ ಬೇರೆ ಬಾಗಿಲುಗಳನ್ನೂ ತಟ್ಟಿ ನೋಡಬೇಕು. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿರುವುದು ನಮ್ಮ ದೇಶದಲ್ಲಿ ಇನ್ನೂ ಅಪರೂಪವಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಮುಚ್ಚದೆ ಉಳಿದ ಸಣ್ಣ ಕಂಡಿ, ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು, ಕುತ್ತಿಗೆಯ ನಾಳದ ಒಳಪದರ ಹರಿಯುವುದು ಇವೂ ಕಾರಣವಾಗಬಹುದು. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಗಕ್ಕನೆ ತಿರುಗಿಸಿ ಲಟಕೆ ತೆಗೆಸುವ ಅಭ್ಯಾಸ ಈ ಕೊನೆಯದಕ್ಕೆ ದಾರಿಯಾಗಬಹುದಾದ್ದರಿಂದ ಅದನ್ನು ಅಂದಿಗೇ ಬಿಡಬೇಕು. ಆರೋಗ್ಯವಂತರು ಬಿಟ್ಟರೂ ನಷ್ಟವಿಲ್ಲ.

ಎಕೋ (ಹೃದಯದ ಸ್ಕ್ಯಾನ್), ಇ.ಸಿ.ಜಿ., 24 ಗಂಟೆ ಹೃದಯದ ಬಡಿತವನ್ನು ದಾಖಲಿಸುವ ಹೋಲ್ಟರ್, ಕುತ್ತಿಗೆ ಮತ್ತು ತಲೆಯ ನಾಳಗಳ ಆಂಜಿಯೋಗ್ರಾಂ, ಕೊಲೆಸ್ಟರಾಲ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು ಇವುಗಳಲ್ಲಿ ಯಾವುದು ಆಗಿದೆ, ಯಾವುದು ಬಾಕಿ ಇದೆ ಎಂದು ಮೊದಲ ಮರುಭೇಟಿಯಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಿ. ಆಂಟಿಫಾಸ್ಫೋಲಿಪಿಡ್ ಪರೀಕ್ಷೆ ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಕಳೆದು ಮತ್ತೊಮ್ಮೆ ಮಾಡಿಸದೆ ಅದು ಖಚಿತವಾಗುವುದಿಲ್ಲ. ಮನೆಯವರು ಮರೆತರೆ ಮತ್ತೆ ನೆನಪಿಸುವವರು ಇರುವುದಿಲ್ಲ. ಸುಮಾರು ಮೂರನೇ ಒಂದು ಪಾಲು ಯುವರೋಗಿಗಳಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅದಕ್ಕೆ ಹೆದರಬೇಕಾಗಿಲ್ಲ, ಆದರೆ ಸಿಗಲಿಲ್ಲ ಎನ್ನುವುದಕ್ಕೂ ಹುಡುಕಲಿಲ್ಲ ಎನ್ನುವುದಕ್ಕೂ ಅಂತರವಿದೆ.

ನಮ್ಮವರ ಒಂದು ಕಷ್ಟ ಎಂದರೆ, ಮೊದಲ ಚಿಕಿತ್ಸೆ ಮಂಗಳೂರಿನಲ್ಲಿ, ತಿಂಗಳ ಮಾತ್ರೆ ಇಲ್ಲಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ, ಮಗನೋ ಅಳಿಯನೋ ಗಲ್ಫಿನಲ್ಲಿದ್ದರೆ ಸ್ಕ್ಯಾನ್ ದುಬೈಯಲ್ಲಿ. ಕಾಗದಗಳು ಒಂದೇ ಕಡೆ ಇರುವುದೇ ಇಲ್ಲ. ಸ್ಕ್ಯಾನಿನ ವರದಿ ಮಾತ್ರವಲ್ಲ, ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಎಲ್ಲವನ್ನೂ ಒಂದು ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟು, ಫೋನಿನಲ್ಲಿ ಚಿತ್ರ ತೆಗೆದಿಡಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ ರೋಗಿಗಳು ಆಂಬುಲೆನ್ಸಿನಲ್ಲಿಯೇ ಹಿಂದಿರುಗಬೇಕಾಗಿ ಬಂದದ್ದನ್ನು ಕಂಡ ಜಿಲ್ಲೆಯವರಿಗೆ, ಕಡತದ ಒಂದು ಪ್ರತಿಯನ್ನೂ ಒಂದು ತಿಂಗಳ ಹೆಚ್ಚುವರಿ ಮದ್ದನ್ನೂ ಗಡಿಯ ಈಚೆ ಇಟ್ಟುಕೊಳ್ಳಿ ಎಂದು ವಿವರಿಸಿ ಹೇಳಬೇಕಾಗಿಲ್ಲ.

ಮದ್ದು, ಬಸಳೆ, ಉಪ್ಪುಸೊಳೆ

ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ. ಕೈ ಆಡುತ್ತದೆ, ಮಾತು ಬರುತ್ತದೆ, ಇನ್ನು ಯಾತಕ್ಕೆ ಎನಿಸುತ್ತದೆ. ಮಾತ್ರೆಯು ಆದ ಸ್ಟ್ರೋಕನ್ನು ಗುಣಪಡಿಸಲು ಕೊಟ್ಟದ್ದಲ್ಲ, ಆಗಬಹುದಾದದ್ದನ್ನು ತಡೆಯಲು ಕೊಟ್ಟದ್ದು ಎಂಬುದು ರೋಗಿಯ ತಲೆಗೆ ಹೋಗುವವರೆಗೆ ಅವನೇ ಡಬ್ಬಿಯಿಂದ ತೆಗೆದು ನುಂಗಲಿ, ಎಣಿಸುವವರು ಬೇರೆಯವರಿರಲಿ. ನಾಳದ ಕೊಬ್ಬಿನಿಂದ ಸ್ಟ್ರೋಕ್ ಆದವರಿಗೆ ಕೆಟ್ಟ ಕೊಲೆಸ್ಟರಾಲ್ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಬಹುತೇಕ ಎಲ್ಲರಿಗೂ ಬಿ.ಪಿ. 130/80ಕ್ಕಿಂತ ಕೆಳಗೆ ಇರಬೇಕೆಂಬುದು ಈಗ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಬಿ.ಪಿ. ಯಂತ್ರವೊಂದನ್ನು ಮನೆಗೆ ತನ್ನಿ. ಅದು ಟಾನಿಕ್‌ಗಳಿಗಿಂತ ಒಳ್ಳೆಯ ಖರ್ಚು.

ಕವಾಟದ ಕಾಯಿಲೆಗೋ ಆಂಟಿಫಾಸ್ಫೋಲಿಪಿಡ್‌ಗೋ ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಐ.ಎನ್.ಆರ್. ಪರೀಕ್ಷೆಯನ್ನು ತಪ್ಪಿಸಬಾರದು, ಅನೇಕರಿಗೆ ಅದು 2 ಮತ್ತು 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮದ್ದಿನ ಬಲವನ್ನು ಕುಗ್ಗಿಸುತ್ತದೆ. ಹಾಗೆಂದು ಸೊಪ್ಪು ತಿನ್ನಲೇಬಾರದು ಎಂಬುದು ಅರ್ಧ ತಿಳಿದವರ ಮಾತು. ಆಟಿಯಲ್ಲಿ, ಅಂದರೆ ಮಳೆಗಾಲದ ತಿಂಗಳಲ್ಲಿ, ವಾರವಿಡೀ ತಗತೆ ಸೊಪ್ಪು, ಹರಿವೆ, ಬಸಳೆ ತಿಂದು ಬೇಸಗೆಯಲ್ಲಿ ಒಂದನ್ನೂ ಮುಟ್ಟದೆ ಇರುವ ಏರುಪೇರು ತೊಂದರೆ ಮಾಡುತ್ತದೆ. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಮದ್ದನ್ನು ಅದಕ್ಕೆ ಹೊಂದಿಸಬಹುದು. ಕಷಾಯ, ಅರಿಷ್ಟ, ನೋವಿನ ಮಾತ್ರೆ ಯಾವುದನ್ನೇ ಸೇರಿಸುವ ಮೊದಲು ವೈದ್ಯರಿಗೆ ತಿಳಿಸಿ. ರಕ್ತ ತೆಳುವಾಗಿಸುವ ಮದ್ದಿನಲ್ಲಿರುವವರು, ಅದರಲ್ಲಿಯೂ ಕೈಯಲ್ಲಿ ಸ್ಪರ್ಶಜ್ಞಾನ ಕಡಿಮೆ ಇರುವವರು, ಮೆಟ್ಟುಕತ್ತಿಯ ಮುಂದೆ ಕುಳಿತುಕೊಳ್ಳಬಾರದು. ನನ್ನ ತಮ್ಮ ಹೆಬ್ಬೆರಳು ಕೊಯ್ದುಕೊಂಡದ್ದು ಅವನಿಗೆ ನೋವಿನಿಂದ ತಿಳಿಯಲಿಲ್ಲ, ಸುಲಿದ ಅಡಿಕೆ ಕೆಂಪಾದದ್ದನ್ನು ಕಂಡು ತಿಳಿಯಿತು.

ಉಪ್ಪಿನ ವಿಷಯದಲ್ಲಿ ನಮ್ಮ ಅಡುಗೆಮನೆಯ ಅಪರಾಧಿಗಳು ಸಾರು-ಸಾಂಬಾರಲ್ಲ. ಮಿಡಿ ಉಪ್ಪಿನಕಾಯಿ, ನೀರುಮಾವಿನಕಾಯಿ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ), ಹಪ್ಪಳ, ಒಣಮೀನು. ಬೀಡಿ-ಸಿಗರೇಟಿನ ಜೊತೆಗೆ ಎಲೆಅಡಿಕೆಯ ಹೊಗೆಸೊಪ್ಪೂ ಹೋಗಬೇಕು.

ಕೈ, ಮತ್ತು ಅದಕ್ಕಿಂತ ಕಷ್ಟದ ಮಾತು

ಆರು ತಿಂಗಳಲ್ಲಿ ಬಂದದ್ದಷ್ಟೇ ಬರುವುದು ಎಂಬ ಮಾತನ್ನು ನಂಬಬೇಡಿ. ಮೊದಲ ಮೂರು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಅಭ್ಯಾಸ ಮುಂದುವರಿದರೆ ನಿಂತುಬಿಡುವುದಿಲ್ಲ. ಯುವಕರ ಮಿದುಳಿಗೆ ಹೊಸ ದಾರಿ ಹುಡುಕುವ ಶಕ್ತಿಯೂ ಹೆಚ್ಚು. ಸೋತ ಕೈಯನ್ನು ಹಿಡಿದು ರೋಗಿಯನ್ನು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಬೆರಳುಗಳು ಸ್ವಲ್ಪ ಆಡತೊಡಗಿದ ಮೇಲೆ ಫಿಸಿಯೋಥೆರಪಿಸ್ಟ್ ಒಪ್ಪಿದರೆ ಒಳ್ಳೆಯ ಕೈಯನ್ನು ಕಟ್ಟಿಹಾಕಿ ಸೋತ ಕೈಗೆ ಮಾತ್ರ ಕೆಲಸ ಕೊಡುವ ಕ್ರಮವಿದೆ. ರಬ್ಬರ್ ಚೆಂಡು ಒತ್ತುವುದರಲ್ಲಿ ತಮ್ಮನಿಗೆ ಮನಸ್ಸಿರಲಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಬಲಗೈಯಿಂದ ಹೆಕ್ಕಿ ಬುಟ್ಟಿಗೆ ಹಾಕಲು ಹೇಳಿದೆವು. ಮೊದಲ ದಿನ ಕಾಲು ಗಂಟೆಯಲ್ಲಿ 9 ಅಡಿಕೆ. ಅವನೇ ಎಣಿಸಿ ಗೋಡೆಯಲ್ಲಿ ಇದ್ದಿಲಿನಿಂದ ಬರೆದ.

ಮಾತಿನ ವಿಷಯ ಹಾಗಲ್ಲ. ಇಲ್ಲಿನ ಒಬ್ಬ ಸಾಮಾನ್ಯ ಕನ್ನಡಿಗ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕರ್ಹಾಡವನ್ನೋ ಆಡುತ್ತಾನೆ, ಶಾಲೆಯಲ್ಲಿ ಕಲಿತದ್ದು ಕನ್ನಡ, ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಮಲಯಾಳ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದಾಗ, ಅಂದರೆ ಅಫೇಸಿಯಾ ಆದಾಗ, ಈ ಭಾಷೆಗಳೆಲ್ಲ ಒಂದೇ ಸಲ ಒಂದೇ ಅಳತೆಯಲ್ಲಿ ಹಿಂದಿರುಗಬೇಕೆಂದಿಲ್ಲ. ಕೆಲವರಿಗೆ ತಾಯ್ನುಡಿ ಮೊದಲು ಬರುತ್ತದೆ, ಕೆಲವರಿಗೆ ದಿನವೂ ಹೆಚ್ಚು ಬಳಸುತ್ತಿದ್ದದ್ದು, ಕೆಲವರಿಗೆ ಎಲ್ಲ ಕಲಸಿಹೋಗಿ. ನಾವು ಕರೆದುಕೊಂಡುಹೋಗಿದ್ದ ಒಂದು ಕಡೆ ಚಿತ್ರದ ಕಾರ್ಡು ತೋರಿಸಿ ಹೆಸರು ಕೇಳುತ್ತಿದ್ದರು. ಹಲಸಿನ ಹಣ್ಣಿನ ಚಿತ್ರ ಬಂದಾಗ ತಮ್ಮ ತುಂಬಾ ಹೊತ್ತು ತುಟಿ ಆಡಿಸಿ "ಪೆಲಕಾಯಿ" ಎಂದ. ಮೂರು ವಾರಗಳಲ್ಲಿ ಅವನ ಬಾಯಿಂದ ಬಂದ ಮೊದಲ ಪೂರ್ಣ ಶಬ್ದ ಅದು. ಮಲಯಾಳದ "ಚಕ್ಕ" ಎಂಬ ಉತ್ತರಕ್ಕೆ ಕಾದಿದ್ದ ಹುಡುಗಿ ತಪ್ಪಿನ ಗುರುತು ಹಾಕಿದಳು. ಅವಳನ್ನು ದೂರಿ ಪ್ರಯೋಜನವಿಲ್ಲ, ಅವಳಿಗೆ ತುಳು ಗೊತ್ತಿರಲಿಲ್ಲ. ನಾವು ಮೊದಲೇ ಹೇಳಬೇಕಾಗಿತ್ತು.

ಆದುದರಿಂದ ಮಾತಿನ ಚಿಕಿತ್ಸೆಗೆ ಹೋಗುವ ಮೊದಲ ದಿನವೇ ಒಂದು ಹಾಳೆಯಲ್ಲಿ ರೋಗಿಯು ಯಾರೊಡನೆ ಯಾವ ಭಾಷೆ ಆಡುತ್ತಿದ್ದ, ಯಾವುದರಲ್ಲಿ ಓದುತ್ತಿದ್ದ, ಲೆಕ್ಕ ಯಾವುದರಲ್ಲಿ ಹಾಕುತ್ತಿದ್ದ ಎಂಬುದನ್ನು ಬರೆದುಕೊಡಿ, ಮನೆಮಾತು ಬಲ್ಲ ಒಬ್ಬರು ಜೊತೆಗೆ ಕುಳಿತುಕೊಳ್ಳಿ. ಕನ್ನಡದಲ್ಲಿಯೇ ಪರೀಕ್ಷೆ ಮತ್ತು ಅಭ್ಯಾಸ ಬೇಕೆಂದಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಮ್ಮೆ ಅಲ್ಲಿ ತೋರಿಸಿ ಅಭ್ಯಾಸದ ಕ್ರಮ ತಿಳಿದುಕೊಂಡು ಮನೆಯಲ್ಲಿ ನಡೆಸಬಹುದು, ಮಂಗಳೂರಿನಲ್ಲಿಯೂ ವಾಕ್ ಚಿಕಿತ್ಸಕರಿದ್ದಾರೆ. ಮಾತು ಹೋದವರಲ್ಲಿಯೂ ಬಾಯಿಪಾಠವಾದದ್ದು ಅನೇಕ ವೇಳೆ ಉಳಿದಿರುತ್ತದೆ: ಮಗ್ಗಿ, ವಾರಗಳ ಹೆಸರು, ಹಾಡು. ನೀರು ಬೇಕೆಂದು ಹೇಳಲಾಗದವನು ಭಜನಾ ಮಂದಿರದಲ್ಲಿ ತಾಳ ಹಾಕಿ ಇಡೀ ಭಜನೆಯನ್ನು ಹಾಡಿದರೆ ಅವನು ನಾಟಕ ಮಾಡುತ್ತಿದ್ದಾನೆಂದು ತಿಳಿಯಬೇಡಿ. ಮಾತಾಡುವಾಗ ಅವನ ವಾಕ್ಯವನ್ನು ನೀವು ಮುಗಿಸಿಕೊಡಬೇಡಿ. ಹತ್ತು ಎಣಿಸುವಷ್ಟು ಕಾಯಿರಿ. ನಮ್ಮ ಮನೆಯಲ್ಲಿ ಇದು ಎಲ್ಲರಿಗಿಂತ ಕಷ್ಟವಾದದ್ದು ನನಗೆ.

ಕಣ್ಣಿಗೆ ಕಾಣದ ಉಳಿಕೆ

ಕೈಕಾಲು ಪೂರ್ತಿ ಸರಿಯಾದ ಯುವರೋಗಿಗಳಲ್ಲಿಯೂ ಎರಡು ಸಂಗತಿಗಳು ವರ್ಷಗಟ್ಟಲೆ ಉಳಿಯುತ್ತವೆ, ಮತ್ತು ಇವುಗಳಿಗಾಗಿಯೇ ಹೆಚ್ಚು ಮಂದಿ ಕೆಲಸ ಕಳೆದುಕೊಳ್ಳುತ್ತಾರೆ ಎಂದು ನನ್ನ ಅನಿಸಿಕೆ. ಒಂದು ದಣಿವು. ನೈಮೇಗನ್‌ನ ಅದೇ ಗುಂಪಿನಲ್ಲಿ ಸುಮಾರು ಹತ್ತು ವರ್ಷಗಳ ಬಳಿಕವೂ ನೂರಕ್ಕೆ 41 ಮಂದಿಗೆ ದಣಿವು ಇತ್ತು. ಇದು ನಿದ್ದೆ ಮಾಡಿದರೆ ಹೋಗುವ ಆಯಾಸವಲ್ಲ. ಮೂವರು ಒಟ್ಟಿಗೆ ಮಾತಾಡುವ ಚಾವಡಿಯಲ್ಲಿ ಅರ್ಧ ಗಂಟೆ ಕುಳಿತರೆ ಮಿದುಳು ಬತ್ತಿಹೋದ ಹಾಗಾಗುತ್ತದೆ. ನೋಡಲು ಬಂದ ನೆಂಟರು "ಈಗ ಮೊದಲಿನ ಹಾಗೆಯೇ ಇದ್ದಾನಲ್ಲ" ಎಂದು ಹೊಗಳಿ ಹೋಗುತ್ತಾರೆ, ಅವನು ಸಂಜೆಯವರೆಗೆ ಮಲಗಿದರೆ ಮೈಗಳ್ಳನೆಂದೂ ಅವರೇ ಹೇಳುತ್ತಾರೆ. ಕಷ್ಟದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು, ದಣಿವು ಬರುವ ಮೊದಲೇ ವಿಶ್ರಾಂತಿ ಪಡೆಯುವುದು, ಒಂದು ದಿನಕ್ಕೆ ಒಂದೇ ಜಂಬರಕ್ಕೆ (ಸಮಾರಂಭಕ್ಕೆ) ಹೋಗುವುದು, ರಕ್ತಹೀನತೆ, ಥೈರಾಯ್ಡ್, ಗೊರಕೆಯ ನಿದ್ರಾದೋಷಗಳನ್ನು ಪರೀಕ್ಷಿಸಿಕೊಳ್ಳುವುದು ಇಷ್ಟು ಮಾಡಬಹುದು.

ಇನ್ನೊಂದು ಮನಸ್ಸು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಹಂತದಲ್ಲಿ ಖಿನ್ನತೆ ಬರುತ್ತದೆ. ಮೂವತ್ತೈದರಲ್ಲಿ ಹೆಂಡತಿ ಲುಂಗಿ ಉಡಿಸಬೇಕಾಗಿ ಬಂದವನಿಗೆ ಬೇಸರ ಸಹಜವೆಂದು ಬಿಟ್ಟುಬಿಡುವುದು ತಪ್ಪು. ಇದು ಮಿದುಳಿನ ಪೆಟ್ಟಿನ ಭಾಗವೂ ಹೌದು, ಮದ್ದಿಗೆ ಬಗ್ಗುವಂಥದ್ದೂ ಹೌದು. ಎರಡು ವಾರ ಊಟ, ನಿದ್ದೆ, ವ್ಯಾಯಾಮ ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ಹೇಳಿ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ದಾಂಪತ್ಯದ ಪ್ರಶ್ನೆಗಳನ್ನೂ ವೈದ್ಯರಲ್ಲಿ ಕೇಳಿ. ಸ್ಥಿತಿ ನೆಲೆಗೊಂಡ ಬಳಿಕ ಸಾಮಾನ್ಯವಾಗಿ ತೊಂದರೆಯಿಲ್ಲ, ಆಸಕ್ತಿ ಕುಗ್ಗಿದ್ದರೆ ಕೆಲವು ಮಾತ್ರೆಗಳೂ ಕಾರಣವಿರಬಹುದು. ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಬಿಡಬೇಕು. ಗರ್ಭ ಧರಿಸುವುದು ಅನೇಕರಿಗೆ ಸಾಧ್ಯ, ಆದರೆ ವಾರ್ಫರಿನ್ ಮತ್ತು ಕೆಲವು ಬಿ.ಪಿ. ಮಾತ್ರೆಗಳು ಭ್ರೂಣಕ್ಕೆ ಕೆಡುಕು ಮಾಡುವುದರಿಂದ ಮೊದಲೇ ವೈದ್ಯರೊಡನೆ ಯೋಜಿಸಿಕೊಳ್ಳಬೇಕು.

ತೋಟ, ಸ್ಕೂಟರು, ಸುರಂಗ

ಸ್ಟ್ರೋಕಿನ ಕಲೆಯಿಂದ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಫಿಟ್ಸ್ ಬರಬಹುದು. ಯುವಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಸಂಭವ. ಫಿಟ್ಸ್ ಬಂದವರು ಅಡಿಕೆ ಮರ ಏರುವುದು, ಕೆರೆಯಲ್ಲಿ ಒಬ್ಬರೇ ಸ್ನಾನ ಮಾಡುವುದು, ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗದೊಳಗೆ ಹೋಗುವುದು ಸಲ್ಲದು. ನಿದ್ದೆಗೇಡು ಫಿಟ್ಸನ್ನು ಕೆರಳಿಸುವುದರಿಂದ ಬೆಳಗಿನವರೆಗಿನ ಯಕ್ಷಗಾನದ ಆಟಕ್ಕೂ ಭೂತಕೋಲಕ್ಕೂ ಕುಳಿತುಕೊಳ್ಳಬಾರದು. ಸ್ಕೂಟರು, ಕಾರು ಓಡಿಸಲು ವೈದ್ಯರ ಒಪ್ಪಿಗೆ ಬೇಕು. ಕೈಕಾಲು ಸರಿಯಿದ್ದರೂ ಒಂದು ಪಕ್ಕದ ನೋಟ ಹೋಗಿದ್ದರೆ ಆ ಕಡೆಯಿಂದ ಬರುವ ಬಸ್ಸು ಕಾಣುವುದಿಲ್ಲ, ಮತ್ತು ಕಾಣುವುದಿಲ್ಲ ಎಂಬುದು ರೋಗಿಗೆ ತಿಳಿದಿರುವುದಿಲ್ಲ.

ಕೆಲಸಕ್ಕೆ ಒಮ್ಮೆಲೇ ಪೂರ್ತಿ ಮರಳುವ ಬದಲು ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ. ಸರಕಾರಿ ಉದ್ಯೋಗಿಗಳಿಗೆ ಒಂದು ರಕ್ಷಣೆಯಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಂ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅಂಗವೈಕಲ್ಯ 40 ಶೇಕಡಾ ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ದೃಢೀಕರಿಸಿದರೆ ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ, ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕುವಾಗ ಕೈಕಾಲಿನದ್ದಷ್ಟೇ ಅಲ್ಲ, ಮಾತಿನ ಊನವನ್ನೂ ನಮೂದಿಸಲು ಮರೆಯಬೇಡಿ. ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ, ನೋಡಿಕೊಳ್ಳುವವರಿಗಾಗಿ ಕೇರಳ ಸರಕಾರದ ಆಶ್ವಾಸಕಿರಣಂ ಧನಸಹಾಯ ಯೋಜನೆಯಿದೆ. ಅರ್ಜಿಗಳನ್ನು ಮಲಯಾಳದಲ್ಲಿಯೇ ಬರೆಯಬೇಕೆಂದು ಹಿಂಜರಿಯಬೇಡಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ.

ಮತ್ತೊಮ್ಮೆ ಬಂದರೆ

ಎರಡನೆಯ ಸ್ಟ್ರೋಕಿನ ಅಪಾಯ ಮೊದಲ ವರ್ಷದಲ್ಲಿ ಹೆಚ್ಚು, ಆಮೇಲೆ ಕಡಿಮೆಯಾದರೂ ಇಲ್ಲವಾಗುವುದಿಲ್ಲ. ಒಮ್ಮೆಲೇ ಸಮತೋಲ ತಪ್ಪುವುದು, ನೋಟ ಮಂಜಾಗುವುದು, ಮುಖ ಒಂದು ಕಡೆಗೆ ವಾಲುವುದು, ಎತ್ತಿದ ಕೈ ಕೆಳಗೆ ಬೀಳುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಸಾಕು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೊರಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಕಾಲಾವಕಾಶ ಲಕ್ಷಣ ಆರಂಭವಾದಲ್ಲಿಂದ ನಾಲ್ಕೂವರೆ ಗಂಟೆ, ಬೇಗ ಕೊಟ್ಟಷ್ಟೂ ಲಾಭ ಹೆಚ್ಚು. ಬಾಯಿಗೆ ನೀರು, ಶರಬತ್ತು, ಮಾತ್ರೆ ಏನನ್ನೂ ಹಾಕಬಾರದು. ನುಂಗಲಾಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ರಾತ್ರಿಯೂ ಸಿ.ಟಿ. ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ, ಎಲ್ಲರೂ ಸಮಾಧಾನದಲ್ಲಿರುವಾಗಲೇ, ಫೋನ್ ಮಾಡಿ ವಿಚಾರಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಆ ಹಾಳೆ ಚಾವಡಿಯ ಗಡಿಯಾರದ ಕೆಳಗೆ ಇದೆ. ಲಕ್ಷಣಗಳು, 108, ಎರಡು ಆಸ್ಪತ್ರೆಗಳ ಸಂಖ್ಯೆ, ಅವನು ಸೇವಿಸುವ ಮದ್ದುಗಳ ಹೆಸರು, ಇವನ್ನು ಅವನ ಮಗಳು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾಳೆ. ಮುಖ್ಯ ರಸ್ತೆಯಿಂದ ನಮ್ಮ ಮನೆಗೆ ಬರುವ ದಾರಿ, ಅಶ್ವತ್ಥಕಟ್ಟೆಯ ಬಳಿ ಎಡಕ್ಕೆ ತಿರುಗಿ ತೋಡು ದಾಟುವುದು ಎಂಬಷ್ಟನ್ನು ಮಾತ್ರ, ಫೋನಿನಲ್ಲಿ ಆಂಬುಲೆನ್ಸ್ ಚಾಲಕನಿಗೆ ಓದಿ ಹೇಳಲೆಂದು, ಅದರ ಕೆಳಗೆ ಮಲಯಾಳದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದೇವೆ. ನಮ್ಮ ಅಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ, ಹಗಲು ಹೊತ್ತು ಅವನ ಜೊತೆ ಮನೆಯಲ್ಲಿರುವುದು ಅವರೊಬ್ಬರೇ.